ಇಬ್ಬರು ಕಾವಲುಗಾರರು, ಹದಿನಾರು ಕ್ಯಾಮೆರಾ, ಒಂದು ಆ್ಯಪ್: ನಮ್ಮ ಬೀದಿಯ ಭದ್ರತಾ ಸೇವೆಗೆ ಒಂದು ವರ್ಷ

ಬೆಂಗಳೂರಿನ ಬನಶಂಕರಿ ಮೂರನೇ ಹಂತದಲ್ಲಿ, ಹೊರವರ್ತುಲ ರಸ್ತೆಗೆ ಕೂಗಳತೆಯಲ್ಲಿರುವ ಅಡ್ಡರಸ್ತೆ ನಮ್ಮದು. ಒಂದು ತುದಿಗೆ ಇಸ್ತ್ರಿ ಅಂಗಡಿ ಮತ್ತು ಎಳನೀರಿನ ಗಾಡಿ, ಇನ್ನೊಂದು ತುದಿಗೆ ಗಣೇಶನ ಗುಡಿ, ನಡುವೆ ಸಾಲು ಹೊಂಗೆ ಮರಗಳು, ಹಳೆಯ ಮೂವತ್ತು-ನಲವತ್ತರ ಸೈಟುಗಳ ಮೇಲೆ ಎದ್ದಿರುವ ಮೂರು ನಾಲ್ಕು ಅಂತಸ್ತಿನ ಮನೆಗಳು, ಎರಡು ಪಿ.ಜಿ.ಗಳು, ಚಂದಾ ಕೊಡುವ ಲೆಕ್ಕದಲ್ಲಿ ಒಟ್ಟು 72 ಮನೆ. ಬೀದಿಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಖಜಾಂಚಿ. 2025ರ ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ಖಾಸಗಿ ಭದ್ರತಾ ಸಂಸ್ಥೆಯೊಡನೆ ಕರಾರು ಮಾಡಿಕೊಂಡು, ರಾತ್ರಿ ಕಾವಲಿಗೆ ಇಬ್ಬರು, ಬೀದಿಯುದ್ದಕ್ಕೂ 16 ಸಿಸಿ ಕ್ಯಾಮೆರಾ, ಮನೆಮನೆಯ ಮೊಬೈಲಿಗೆ ಒಂದು ಆ್ಯಪ್, ಹೀಗೆ ಮೂರನ್ನೂ ಒಟ್ಟಿಗೆ ಕೊಂಡೆವು. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ; ಇದೇ ಮೂರನ್ನು ಹೀಗೆಯೇ ಕಟ್ಟುಕಟ್ಟಿ ಮಾರುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ಹೆಸರಿಗಿಂತ ಸರಕಿನ ಗುಣವೇ ಓದುವವರಿಗೆ ಉಪಯೋಗಕ್ಕೆ ಬರುವಂಥದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಾವಲುಗಾರರಿಗೆ ಕೊಟ್ಟ ಹಣ ಸಾರ್ಥಕವಾಯಿತು, ಕ್ಯಾಮೆರಾಗಳಿಗೆ ಕೊಟ್ಟದ್ದರಲ್ಲಿ ಅರ್ಧ ದಕ್ಕಿತು, ಆ್ಯಪ್‌ಗೆ ಕೊಟ್ಟದ್ದು ದಂಡ.

ಇದಕ್ಕೆಲ್ಲ ಕಾರಣವಾದದ್ದು 2024ರ ದಸರಾ ರಜೆ. ಒಂದೇ ವಾರದಲ್ಲಿ ಬೀಗ ಹಾಕಿದ್ದ ಮನೆಯೊಂದರ ಮುಂಬಾಗಿಲಿನ ಚಿಲಕ ಮೀಟಿ ಒಳಗೆ ನುಗ್ಗಿದ್ದರು. ಅದಾದ ಮೂರನೇ ದಿನ ಗುಡಿಯ ಬಳಿ ನಿಲ್ಲಿಸಿದ್ದ ಸ್ಕೂಟರ್ ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ಸಂಘದ ಸಭೆಗೆ ಸಾಮಾನ್ಯವಾಗಿ ಹನ್ನೆರಡು ಜನ ಬಂದರೆ ಹೆಚ್ಚು. ಆ ಭಾನುವಾರ ಕುರ್ಚಿ ಸಾಲದೆ ಶಾಮಿಯಾನದವರ ಹತ್ತಿರ ತರಿಸಬೇಕಾಯಿತು. ಆ ಸಭೆಗೇ ಸಂಸ್ಥೆಯ ಮಾರಾಟ ಪ್ರತಿನಿಧಿಯೂ ಬಂದಿದ್ದ. ಆತ ಲ್ಯಾಪ್‌ಟಾಪ್ ತೆರೆದು ತೋರಿಸಿದ ಮೊದಲ ಚಿತ್ರವೇ ಬೆಂಗಳೂರಿನ ಅಪರಾಧ ಪ್ರಮಾಣದ್ದು: ಕೆಂಪು ಕಂಬಗಳು ಒಂದಕ್ಕಿಂತ ಒಂದು ಎತ್ತರ. ಹೆದರಿ ಕೂತಿದ್ದವರಿಗೆ ಅಷ್ಟು ಸಾಕಾಗಿತ್ತು. ನನಗೂ ಸಾಕಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಆ ಕಂಬಗಳ ಹಿಂದೇನಿದೆ ಎಂದು ನಾನು ನೋಡಿದ್ದು ಕರಾರಿಗೆ ಸಹಿ ಬಿದ್ದ ಮೇಲೆ.

ಆ ಅಂಕಿಗಳು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಯಿಂದ ಬಂದವು, ಸುಳ್ಳೇನೂ ಅಲ್ಲ. ಆದರೆ ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ ಎಂಬ ಭಾಗಾಕಾರದಲ್ಲಿ ಮೇಲಿರುವ ಸಂಖ್ಯೆ ಆಯಾ ವರ್ಷದ್ದಾದರೆ, ಕೆಳಗಿರುವ ಜನಸಂಖ್ಯೆ ಮಹಾನಗರಗಳ ಮಟ್ಟಿಗೆ 2011ರ ಜನಗಣತಿಯದು. ಬೆಂಗಳೂರಿಗೆ ಅದು ಸುಮಾರು 85 ಲಕ್ಷ. ಅಂದಿನಿಂದ ಊರು ಎಷ್ಟು ಉಬ್ಬಿದೆ ಎಂಬುದನ್ನು ಸಿಲ್ಕ್‌ಬೋರ್ಡ್ ವೃತ್ತದ ವಾಹನ ಸಂದಣಿಯಲ್ಲಿ ನಿಂತವರಿಗೆ ಯಾರೂ ವಿವರಿಸಬೇಕಾಗಿಲ್ಲ. ಛೇದ ನಿಂತಲ್ಲೇ ನಿಂತು ಅಂಶ ಮಾತ್ರ ಬೆಳೆಯುತ್ತಾ ಹೋದರೆ, ಇರುವ ಜನಕ್ಕೆ ಹೋಲಿಸಿದಾಗ ಅಪರಾಧ ಹೆಚ್ಚದಿದ್ದರೂ ಕಂಬ ಎತ್ತರವಾಗುತ್ತದೆ. ಎರಡನೆಯದಾಗಿ, ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಗಂಭೀರವಾದ ಒಂದನ್ನೇ ಬ್ಯೂರೋ ಎಣಿಕೆಗೆ ತೆಗೆದುಕೊಳ್ಳುತ್ತದೆ. ಮನೆಗೆ ನುಗ್ಗಿ, ಹೊಡೆದು, ದೋಚಿದ್ದರೆ ದೋಚಿದ್ದೊಂದೇ ಲೆಕ್ಕಕ್ಕೆ ಬರಬಹುದು. ಮೂರನೆಯದಾಗಿ, ಇದು ನಡೆದ ಅಪರಾಧಗಳ ಲೆಕ್ಕವಲ್ಲ, ದಾಖಲಾದ ಅಪರಾಧಗಳ ಲೆಕ್ಕ. ದೂರನ್ನು ಸಲೀಸಾಗಿ ತೆಗೆದುಕೊಳ್ಳುವ ಠಾಣೆಯ ಸಂಖ್ಯೆ ಏರುತ್ತದೆ, ಬಂದವರಿಗೆ ಸಮಾಧಾನ ಹೇಳಿ ಕಳಿಸುವ ಠಾಣೆಯ ಸಂಖ್ಯೆ ಇಳಿಯುತ್ತದೆ. ದಾಖಲೆ ಹೆಚ್ಚಿದ ಮಾತ್ರಕ್ಕೆ ಅಪರಾಧ ಹೆಚ್ಚಿತು ಎಂದು ತಿಳಿಯಬಾರದೆಂದು ಬ್ಯೂರೋ ತಾನೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಪುಟ ನಮ್ಮ ಪ್ರತಿನಿಧಿಯ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ.

ಇನ್ನೂ ಮುಖ್ಯವಾದದ್ದೆಂದರೆ ಇಡೀ ನಗರದ ಸಂಖ್ಯೆ ಒಂದು ಬೀದಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಠಾಣೆಯ ಮಟ್ಟದ ಚಿತ್ರ ಬೇಕಾದವರಿಗೆ ಒಂದು ದಾರಿಯಿದೆ: ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಠಾಣೆ ಮತ್ತು ವರ್ಷವನ್ನು ಆರಿಸಿ ಒಂದೊಂದನ್ನೇ ತೆರೆದು ಓದಬಹುದು. ಎರಡು ರಾತ್ರಿ ಕೂತು ಓದಿದೆ. ಕಳುವಾದ ಬೈಕು, ಬೀಗ ಒಡೆದ ಮನೆ, ಗಂಡಹೆಂಡಿರ ಜಗಳ, ಕುಡಿದವರ ಹೊಡೆದಾಟ, ಮೊಬೈಲಿಗೆ ಬಂದ ಕರೆಯಿಂದ ಹಣ ಕಳೆದುಕೊಂಡವರ ಕಥೆ. ಸಭೆಯಲ್ಲಿ ನಾವು ಹೆದರಿದ್ದು ಮುಸುಕುಧಾರಿಗಳಿಗೆ; ಕಾಗದದಲ್ಲಿ ಕಂಡದ್ದು ಹ್ಯಾಂಡಲ್ ಲಾಕ್ ಹಾಕದ ಬೈಕುಗಳು.

ಇನ್ನು ಬೆಲೆಯ ವಿಚಾರ. ಕ್ಯಾಮೆರಾ ಕೂರಿಸಲು ಒಂದು ಸಲದ ಖರ್ಚು 2,16,000 ರೂಪಾಯಿ, ಮನೆಗೆ 3,000ದಂತೆ. ಆಮೇಲೆ ತಿಂಗಳಿಗೆ ಮನೆಗೆ 700ರಂತೆ 50,400 ರೂಪಾಯಿ: ಇಬ್ಬರು ಕಾವಲುಗಾರರ ಬಾಬ್ತು 42,000, ಕ್ಯಾಮೆರಾ ನಿರ್ವಹಣೆಗೆ 5,000, ಆ್ಯಪ್‌ಗೆ 3,400. ಬಾಡಿಗೆದಾರರ ಪಾಲನ್ನು ಓನರ್ ಕೊಡಬೇಕೇ ಬಾಡಿಗೆದಾರರೇ ಕೊಡಬೇಕೇ ಎಂಬ ಜಗಳ ವರ್ಷ ಪೂರ್ತಿ ನಡೆಯಿತು; ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕಾವಲುಗಾರರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಸೇವೆಯಲ್ಲಿ ಜೀವವಿದ್ದದ್ದು ಅವರಲ್ಲಿ ಮಾತ್ರ. ಮುಂಚೆ ನಮ್ಮ ಬೀದಿಗೆ ಒಬ್ಬ ಗೂರ್ಖಾ ಬರುತ್ತಿದ್ದ. ನಡುರಾತ್ರಿ ಲಾಠಿಯನ್ನು ನೆಲಕ್ಕೆ ಕುಟ್ಟುತ್ತಾ ಸೀಟಿ ಊದಿಕೊಂಡು ಹೋಗಿ, ತಿಂಗಳ ಮೊದಲ ವಾರ ಗೇಟಿನ ಬಳಿ ನಿಂತು ಐವತ್ತು ರೂಪಾಯಿ ಪಡೆದು ಸಲಾಂ ಹೊಡೆಯುತ್ತಿದ್ದ. ಆತ ಎಲ್ಲಿಯವನು, ಯಾರ ಕಡೆಯವನು ಎಂದು ನಾವು ಕೇಳಿದವರಲ್ಲ. ಸಂಸ್ಥೆಯ ಮೂಲಕ ಬರುವ ಕಾವಲುಗಾರರ ವಿಚಾರ ಹಾಗಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ಕಾವಲುಗಾರನ ವಯಸ್ಸು 18 ತುಂಬಿ 65 ಮೀರದಂತಿರಬೇಕು. ಅವನ ಪೂರ್ವಾಪರ ಪರಿಶೀಲನೆಯಾಗಿರಬೇಕು. ಭಾವಚಿತ್ರವಿರುವ ಗುರುತಿನ ಚೀಟಿ ಅವನಲ್ಲಿರಬೇಕು. ಕೇಂದ್ರದ ಮಾದರಿ ನಿಯಮಗಳು 100 ಗಂಟೆ ತರಗತಿಯ ಪಾಠ ಮತ್ತು 60 ಗಂಟೆ ಕ್ಷೇತ್ರ ತರಬೇತಿಯನ್ನು ಹೇಳುತ್ತವೆ. ಪರವಾನಗಿಯ ಪ್ರತಿಯನ್ನು ಸಂಸ್ಥೆ ಕೇಳಿದ ದಿನವೇ ಕೊಟ್ಟಿತು. ಇಬ್ಬರ ಪೊಲೀಸ್ ಪರಿಶೀಲನಾ ಪತ್ರಗಳಲ್ಲಿ ಒಂದು ತಕ್ಷಣ ಬಂತು, ಇನ್ನೊಂದು ಬರಲು ನಾಲ್ಕು ತಿಂಗಳು ಹಿಡಿಯಿತು. ತರಬೇತಿಯ ಬಗ್ಗೆ ಕಿರಿಯ ಕಾವಲುಗಾರನನ್ನೇ ಕೇಳಿದೆ: ಒಂದು ದಿನ ಆಫೀಸಿನಲ್ಲಿ ಕೂರಿಸಿ, ಅಳತೆಗೆ ದೊಡ್ಡದಾದ ಸಮವಸ್ತ್ರ ಕೊಟ್ಟು, ಸೀಟಿ ಊದುವುದನ್ನು ತೋರಿಸಿದರು ಎಂದ.

ಹಿರಿಯ ಕಾವಲುಗಾರರು ರಾಯಚೂರು ಕಡೆಯವರು, ಐವತ್ತು ದಾಟಿದವರು. ಅವರಿಗೂ 160 ಗಂಟೆಯ ತರಬೇತಿ ಆಗಿರಲಾರದು, ಆದರೆ ಅವರ ಕಣ್ಣಿಗೆ ಅದರ ಅಗತ್ಯವೂ ಇರಲಿಲ್ಲ. ಬಂದ ಎರಡನೇ ತಿಂಗಳು, ಬೆಳಿಗ್ಗೆ ಐದೂವರೆಗೆ ಪಾಳಿ ಮುಗಿಸಿ ಹೋಗುವ ಮುನ್ನ ನಮ್ಮ ಗೇಟು ತಟ್ಟಿ, ‘ಸರ, ಮೂಲಿ ಮನಿ ಬಾಗಲ ಮುಂದ ಎರಡು ದಿನದ ಹಾಲಿನ ಪಾಕೀಟು ಹಂಗೇ ಬಿದ್ದಾವ್ರಿ. ಊರಿಗಿ ಹೋಗ್ಯಾರೇನು?’ ಎಂದರು. ಹೌದು, ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದರು. ಹಾಲಿನವನಿಗೆ ಹೇಳುವುದನ್ನು ಮರೆತಿದ್ದರು. ಹಾಲಿನ ಪ್ಯಾಕೆಟ್ಟು, ಸುರುಳಿ ಬಿಚ್ಚದ ಪೇಪರು, ಹೊಸ್ತಿಲ ಮುಂದೆ ರಂಗೋಲಿ ಇಲ್ಲದಿರುವುದು, ಮುಸ್ಸಂಜೆಗೆ ತುಳಸಿಕಟ್ಟೆಯ ದೀಪ ಹತ್ತದಿರುವುದು, ಗ್ರಿಲ್ಲಿನ ಹೊರಗೆ ಕಾಣುವಂತೆ ತೂಗುವ ಬೀಗ: ಮನೆಗಳ್ಳರು ಹಗಲಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಓದಿಕೊಂಡು ಹೋಗುವುದು ಇದನ್ನೇ. ಅದನ್ನು ಅವರಿಗಿಂತ ಮೊದಲು ಓದುವವರು ಒಬ್ಬರು ನಮಗೆ ಬೇಕಾಗಿತ್ತು. ಅಂದಿನಿಂದ ಊರಿಗೆ ಹೊರಟವರು ಹಿರಿಯ ಕಾವಲುಗಾರರಿಗೆ ಹೇಳಿ ಹೋಗುವುದು ರೂಢಿಯಾಯಿತು. ಅವರು ಆ ಮನೆಯ ಪೇಪರು ಎತ್ತಿಡುತ್ತಾರೆ, ಹೊರಗಿನ ದೀಪ ಹಾಕಿ ಆರಿಸುತ್ತಾರೆ, ಬೀಟ್ ಪೊಲೀಸರು ಬಂದಾಗ ಆ ಮನೆಯನ್ನು ತೋರಿಸಿ ಹೇಳುತ್ತಾರೆ. ಕರಾರಿನಲ್ಲಿ ಇದಾವುದೂ ಇರಲಿಲ್ಲ.

ಆ ಕಾವಲುಗಾರರ ಸ್ಥಿತಿಯ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅರ್ಧ ಸುಳ್ಳಾಗುತ್ತದೆ. ನಾವು ತಲೆಗೆ 21,000 ಕೊಡುತ್ತಿದ್ದೆವು. ಅವರ ಕೈಗೆ ಸಿಗುತ್ತಿದ್ದದ್ದು 13,500. ಪಿಎಫ್, ಇಎಸ್‌ಐ, ಜಿಎಸ್‌ಟಿ ಎಂದು ಸಂಸ್ಥೆ ಲೆಕ್ಕ ತೋರಿಸಿತು. ಅದರಲ್ಲಿ ನಿಜವೂ ಇದೆ. ಆದರೆ ಪಾಳಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ, ಹನ್ನೆರಡು ಗಂಟೆ, ತಿಂಗಳಿಗೆ ಮೂವತ್ತೂ ದಿನ. ದಿನದ ಗೊತ್ತಾದ ಅವಧಿಯನ್ನು ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂಬುದು ಕಾನೂನು. ರಜೆ ತೆಗೆದುಕೊಂಡರೆ ಸಂಬಳ ಕಡಿತ, ಬದಲಿ ಆಳು ಬರುವುದಿಲ್ಲ. ಕಿರಿಯವನು ಹಗಲಿನಲ್ಲಿ ಇನ್ನೊಂದು ಕಡೆ ಗೋದಾಮಿನ ಕೆಲಸಕ್ಕೂ ಹೋಗುತ್ತಿದ್ದ. ರಾತ್ರಿ ಎರಡರಿಂದ ನಾಲ್ಕರ ನಡುವೆ ಅವನು ತೂಕಡಿಸಿದ ಬಗ್ಗೆ ನನಗೆ ಬಂದ ದೂರುಗಳಿಗೆ ಲೆಕ್ಕವಿಲ್ಲ. ದೂರು ಕೊಟ್ಟವರಿಗೆ ಈ ಹನ್ನೆರಡು ಗಂಟೆಯ ವಿಷಯ ಹೇಳಿದರೆ, ‘ಅದೆಲ್ಲ ಏಜೆನ್ಸಿಯವರ ತಲೆನೋವು ಸಾರ್’ ಎನ್ನುತ್ತಿದ್ದರು. ಜೂನ್‌ನಲ್ಲಿ ಅದು ನಮ್ಮ ತಲೆನೋವೇ ಆಯಿತು. ಹಿರಿಯರು ಮಗಳ ಹೆರಿಗೆಗೆಂದು ಊರಿಗೆ ಹೋಗಿದ್ದ ಮೂರು ದಿನ ಬದಲಿ ಕಾವಲಿರಲಿಲ್ಲ. ಎರಡನೇ ರಾತ್ರಿಯೇ ಪಿ.ಜಿ. ಮುಂದಿನಿಂದ ಒಂದು ಬೈಕ್ ಹೋಯಿತು.

ಕ್ಯಾಮೆರಾಗಳ ಯೋಗ್ಯತೆ ತಿಳಿದದ್ದು ಆಗಲೇ. ಬೆಳಿಗ್ಗೆ ಠಾಣೆಯಿಂದ ಪೇದೆಯೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಗುಡಿಯ ಹಿಂದಿನ ಕೋಣೆಯಲ್ಲಿ, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಯಂತ್ರವಾದ ಡಿವಿಆರ್ ಮುಂದೆ ಕೂತು, ಬೈಕಿನ ಹುಡುಗ ಹೇಳಿದ ಹೊತ್ತಿಗೆ ಸರಿಯಾಗಿ ಹುಡುಕಿದರೆ ಬೈಕ್ ನಿಂತಲ್ಲೇ ನಿಂತಿದೆ. ಮುಂದಕ್ಕೆ ಓಡಿಸಿದೆವು, ಹಿಂದಕ್ಕೆ ಓಡಿಸಿದೆವು. ಕೊನೆಗೆ ಪೇದೆಯವರೇ ತಮ್ಮ ಮೊಬೈಲನ್ನು ಪರದೆಯ ಪಕ್ಕ ಹಿಡಿದು ಎರಡರ ಗಡಿಯಾರವನ್ನೂ ಹೋಲಿಸಿ ನಕ್ಕರು. ಯಂತ್ರದ ಗಡಿಯಾರ 47 ನಿಮಿಷ ಮುಂದಿತ್ತು. ಸರಿಯಾದ ಹೊತ್ತನ್ನು ಹುಡುಕಿದಾಗ ಇಬ್ಬರು ಬಂದದ್ದು, ಒಬ್ಬ ಹ್ಯಾಂಡಲ್ಲಿಗೆ ಕಾಲೊತ್ತಿ ಲಾಕ್ ಮುರಿದದ್ದು, ಎಂಜಿನ್ ಹಾಕದೆ ತಳ್ಳಿಕೊಂಡು ಹೋದದ್ದು ಎಲ್ಲವೂ ಕಂಡವು. ಮುಖ ಕಾಣಲಿಲ್ಲ, ಅವರು ಬಂದಿದ್ದ ಗಾಡಿಯ ನಂಬರ್ ಪ್ಲೇಟ್ ದೀಪದ ಬೆಳಕಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಹದಿನಾರೂ ಕ್ಯಾಮೆರಾಗಳನ್ನು ಹನ್ನೆರಡು ಅಡಿ ಎತ್ತರದಲ್ಲಿ ಕೂರಿಸಿದ್ದರಿಂದ ಟೋಪಿಗಳ ಮೇಲ್ಭಾಗ ಮಾತ್ರ ಬಹಳ ಚೆನ್ನಾಗಿ ದಾಖಲಾಗಿತ್ತು.

ದಾಖಲೆಯ ಅವಧಿಯಲ್ಲೂ ಮೋಸವಿತ್ತು. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ ನೂರು ಜನ, ಅಥವಾ ದಿನಕ್ಕೆ ಐನೂರು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನಗಳ ದೃಶ್ಯ ಉಳಿಸಬೇಕು. ವಸತಿ ಬೀದಿಗೆ ಇದು ಅನ್ವಯಿಸದಿದ್ದರೂ ಸಂಸ್ಥೆ ಅದನ್ನೇ ಉದಾಹರಿಸಿ ನಮಗೂ 30 ದಿನದ ಮಾತು ಕೊಟ್ಟಿತ್ತು. ಇಟ್ಟದ್ದು 4 ಟಿಬಿಯ ಹಾರ್ಡ್ ಡಿಸ್ಕ್. ಹದಿನಾರು ಕ್ಯಾಮೆರಾಗಳು ಸಾಧಾರಣ ಗುಣಮಟ್ಟದಲ್ಲಿ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ ಸುಮಾರು 340 ಜಿಬಿ ಬೇಕು. ಅಂದರೆ ಹನ್ನೆರಡನೇ ದಿನಕ್ಕೆ ಹಳೆಯದರ ಮೇಲೆ ಹೊಸದು ಬರೆಯಲು ಶುರು. ಈ ಗುಣಾಕಾರವನ್ನು ಸಹಿ ಹಾಕುವ ಮುನ್ನ ಮಾಡಬೇಕಾಗಿದ್ದವನು ಖಜಾಂಚಿಯಾದ ನಾನೇ. ಇನ್ನೊಂದು ವಿಷಯ ಬಹಳ ಸಂಘಗಳಿಗೆ ತಿಳಿದಿರಲಿಕ್ಕಿಲ್ಲ: ಇಂಥ ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಯಂತ್ರ ಯಾರ ಉಸ್ತುವಾರಿಯಲ್ಲಿದೆಯೋ ಅವರು, ಅದು ಸರಿಯಾಗಿ ನಡೆಯುತ್ತಿತ್ತೆಂದು ಬರೆದು ಸಹಿ ಮಾಡಬೇಕು. ನಲವತ್ತೇಳು ನಿಮಿಷ ಮುಂದಿದ್ದ ಯಂತ್ರಕ್ಕೆ ನಾನು ಸಹಿ ಹಾಕಬೇಕಾಯಿತು. ಆ ವ್ಯತ್ಯಾಸವನ್ನೂ ಅದರಲ್ಲೇ ನಮೂದಿಸಿ ಎಂದು ಪೇದೆಯವರು ಸಲಹೆ ಕೊಟ್ಟದ್ದರಿಂದ ಉಳಿದುಕೊಂಡೆ. ಬೈಕ್ ಮೂರು ವಾರದ ಮೇಲೆ ಸಿಕ್ಕಿತು. ನಮ್ಮ ಕ್ಯಾಮೆರಾಗಳಿಂದಲ್ಲ, ಇನ್ನೊಂದು ಬಡಾವಣೆಯಲ್ಲಿ ವಾರಸುದಾರರಿಲ್ಲದೆ ನಿಂತಿದ್ದ ಅದನ್ನು ಕಂಡು ಅಲ್ಲಿನವರು ಯಾರೋ ಠಾಣೆಗೆ ತಿಳಿಸಿದ್ದರಿಂದ.

ಕ್ಯಾಮೆರಾಗಳಿಂದ ಪ್ರಯೋಜನವೇ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಗೇಟಿಗೆ ಕಾರು ಗುದ್ದಿಸಿ ಹೋದವರು ಯಾರು, ಖಾಲಿ ಸೈಟಿಗೆ ಕಟ್ಟಡದ ಕಸ ಸುರಿದ ಟ್ರ್ಯಾಕ್ಟರ್ ಯಾವುದು, ಇಂಥ ತಕರಾರುಗಳು ಹಗಲಿನ ದೃಶ್ಯ ನೋಡಿ ಐದು ನಿಮಿಷದಲ್ಲಿ ಬಗೆಹರಿದವು. ಬೀದಿಯ ಎರಡು ತುದಿಗಳಲ್ಲಿ, ಆಳೆತ್ತರಕ್ಕಿಂತ ಸ್ವಲ್ಪವೇ ಮೇಲೆ, ವಾಹನಗಳು ವೇಗ ಇಳಿಸಲೇಬೇಕಾದ ಉಬ್ಬಿನ ಎದುರು ನಾಲ್ಕು ಕ್ಯಾಮೆರಾ ಇಟ್ಟಿದ್ದರೆ ಹದಿನಾರು ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸ ಆಗುತ್ತಿತ್ತು. ರಾತ್ರಿಯ ಮಟ್ಟಿಗೆ ನಿಜವಾದ ಸುಧಾರಣೆ ಬಂದದ್ದು ಬೀದಿದೀಪಗಳಿಗೆ ಅಡ್ಡವಾಗಿದ್ದ ಹೊಂಗೆಯ ಕೊಂಬೆಗಳನ್ನು ಪಾಲಿಕೆಯವರು ಸವರಿದ ಮೇಲೆ. ಅದಕ್ಕೆ ನಮಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಇನ್ನು ಆ್ಯಪ್. ಅದರಲ್ಲಿ ಎರಡು ಅಂಶಗಳಿದ್ದವು: ಒಂದು ಕೆಂಪು ಗುಂಡಿ, ಇನ್ನೊಂದು ಎಲ್ಲ ಕ್ಯಾಮೆರಾಗಳ ನೇರ ನೋಟ. ಕೆಂಪು ಗುಂಡಿಯನ್ನು ಪರೀಕ್ಷೆಗೆಂದು ಒಂದು ರಾತ್ರಿ ಹನ್ನೊಂದಕ್ಕೆ ಒತ್ತಿದೆ. ಒಂಬತ್ತು ನಿಮಿಷಗಳ ನಂತರ ಬಂದ ಕರೆಯಲ್ಲಿ, ಅತ್ತಲಿಂದ ಹಿಂದಿಯಲ್ಲಿ ಮೊದಲು ಕೇಳಿದ ಪ್ರಶ್ನೆ, ನೀವು ಯಾವ ನಗರದಲ್ಲಿದ್ದೀರಿ ಎಂಬುದು. ನಮ್ಮ ಕಾವಲುಗಾರರಿಬ್ಬರಿಗೂ ಆ ಗುಂಡಿಯ ಸುದ್ದಿಯೇ ಮುಟ್ಟಲಿಲ್ಲ. ಒಬ್ಬರ ಹತ್ತಿರ ಇದ್ದದ್ದು ಬಟನ್ ಫೋನ್. ಇದಕ್ಕೆ ಎದುರಾಗಿ ಸರ್ಕಾರದ ತುರ್ತು ಸಹಾಯ ಸಂಖ್ಯೆ 112ರ ಅನುಭವ ಹೇಳಬೇಕು. ಆಗಸ್ಟ್‌ನಲ್ಲಿ ಖಾಲಿ ಸೈಟಿನಲ್ಲಿ ಕುಡಿದು ಬಾಟಲಿ ಒಡೆಯುತ್ತಿದ್ದವರ ಬಗ್ಗೆ ನಡುರಾತ್ರಿ ಕರೆ ಮಾಡಿದಾಗ ಕನ್ನಡದಲ್ಲೇ ಮಾತಾಡಿ, ಗುರುತು ಕೇಳಿಕೊಂಡರು. ಹತ್ತು ಹನ್ನೆರಡು ನಿಮಿಷದಲ್ಲಿ ಪೊಲೀಸರ ಹೊಯ್ಸಳ ಗಸ್ತು ವಾಹನ ಬಂತು. ಪ್ರತಿ ಸಲವೂ ಹೀಗೇ ಆಗುತ್ತದೆ ಎಂದು ಒಂದೇ ಅನುಭವದಿಂದ ಹೇಳಲಾರೆ. ಆದರೂ ಪುಕ್ಕಟೆಯಾಗಿ ಸಿಗುವ ಮೂರು ಅಂಕಿಗಳ ಮುಂದೆ ತಿಂಗಳಿಗೆ 3,400ರ ಕೆಂಪು ಗುಂಡಿ ಸೋತಿತು. ಹಾಗೆ ನೋಡಿದರೆ ಕ್ಯಾಮೆರಾಗಳ ವಿಷಯದಲ್ಲೂ ಸರ್ಕಾರ ಸುಮ್ಮನೆ ಕುಳಿತಿಲ್ಲ: ಮಹಿಳೆಯರ ಸುರಕ್ಷತೆಗೆಂದಿರುವ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ಆರಿಸಿದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದಾಗಿದ್ದು, ಇಲ್ಲಿಗೆ ಮಂಜೂರಾದ ಮೊತ್ತ 667 ಕೋಟಿ ರೂಪಾಯಿ. ನಮ್ಮ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಕಾಲಿಟ್ಟ ಮೇಲೆ ಕಣ್ಣಿಡಲು ಬೇರೆಯವರಿದ್ದಾರೆ. ನಾವು ನೋಡಿಕೊಳ್ಳಬೇಕಾದದ್ದು ನಮ್ಮ ಮುನ್ನೂರು ಮೀಟರ್ ಮಾತ್ರ.

ಆ್ಯಪ್‌ನ ಎರಡನೆಯ ಅಂಶ ನಿಷ್ಪ್ರಯೋಜಕವಷ್ಟೇ ಅಲ್ಲ, ಕೆಟ್ಟದ್ದೂ ಹೌದು. 72 ಮನೆಗಳವರೂ ಹದಿನಾರೂ ಕ್ಯಾಮೆರಾಗಳನ್ನು ಯಾವ ಹೊತ್ತಿನಲ್ಲಾದರೂ ನೋಡಬಹುದಿತ್ತು. ಕಳ್ಳರನ್ನು ನೋಡಲೆಂದು ಮಾಡಿದ್ದು ಎರಡೇ ವಾರದಲ್ಲಿ ನೆರೆಯವರನ್ನು ನೋಡುವ ಟಿ.ವಿ. ಆಯಿತು. ಪಿ.ಜಿ.ಯ ಯಾವ ಹುಡುಗಿ ರಾತ್ರಿ ಹನ್ನೊಂದೂವರೆಗೆ ಯಾರ ಬೈಕಿನಿಂದ ಇಳಿದಳು ಎಂಬ ಚಿತ್ರ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಕೆಳಗೆ ಅಂಗೈ ಜೋಡಿಸಿದ ಗುರುತುಗಳು, ‘ಕಾಲ ಕೆಟ್ಟಿದೆ’ ಎಂಬ ಟಿಪ್ಪಣಿಗಳು. ಮಾರನೆಯ ದಿನ ಆ ಹುಡುಗಿ ನೇರ ನಮ್ಮ ಮನೆಗೇ ಬಂದಳು. ಸಾಫ್ಟ್‌ವೇರ್ ಕಂಪನಿಯ ಎರಡನೇ ಪಾಳಿ ಮುಗಿಸಿ ಬರುವವಳು. ‘ಅಂಕಲ್, ನಾನು ಎಷ್ಟು ಹೊತ್ತಿಗೆ ಒಬ್ಬಳೇ ಬರ್ತೀನಿ ಅಂತ ಎಪ್ಪತ್ತೆರಡು ಮನೆಗೆ ದಿನಾ ಗೊತ್ತಾಗೋದು ನನಗೆ ಸೇಫ್ಟಿನಾ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳ ಮಟ್ಟಿಗೆ ಬೀದಿಯಲ್ಲಿ ಧೈರ್ಯ ಕೊಡುವ ಜಾಗ ಯಾವುದು ಎಂದು ಕೇಳಿದ್ದಕ್ಕೆ ಇಸ್ತ್ರಿ ಅಂಗಡಿ ಎಂದಳು. ಆತ ರಾತ್ರಿ ಹತ್ತೂವರೆಯವರೆಗೆ ಬಲ್ಬು ಹಾಕಿಕೊಂಡು ಇದ್ದಿಲ ಪೆಟ್ಟಿಗೆಯ ಮುಂದೆ ನಿಂತಿರುತ್ತಾನೆ, ಬೀದಿಯ ಪ್ರತಿಯೊಬ್ಬರ ಬಟ್ಟೆ ಮತ್ತು ಮುಖ ಎರಡೂ ಅವನಿಗೆ ಗೊತ್ತು. ಹನ್ನೊಂದರ ಮೇಲೆ ಅವಳಿಗೆ ಕಾಣುವ ಪರಿಚಿತ ಮುಖ ಹಿರಿಯ ಕಾವಲುಗಾರರದು. ಅದೇ ವಾರ ಸಭೆ ಕರೆದು ನೇರ ನೋಟವನ್ನು ಎಲ್ಲರ ಮೊಬೈಲಿನಿಂದ ತೆಗೆಸಿದೆವು. ಬಹಳ ಗಲಾಟೆಯಾಯಿತು. ಕೆಲವರು ಚಂದಾ ವಾಪಸ್ ಕೇಳಿದರು.

ಈ ಸೇವೆ ಮುಟ್ಟಲಾರದ ಇನ್ನೊಂದು ಕಡೆ ಇದೆ. ಬೀದಿಯಲ್ಲಿ ಆ ವರ್ಷ ಅತಿ ಹೆಚ್ಚು ಹಣ ಕಳೆದುಕೊಂಡವರು ಎದುರು ಮನೆಯ ನಿವೃತ್ತ ಮೇಷ್ಟ್ರು, ಅದೂ ಮಧ್ಯಾಹ್ನ, ಒಳಗಿನಿಂದ ಬಾಗಿಲು ಹಾಕಿಕೊಂಡು. ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡ ಯಾರೋ ವಿಡಿಯೊ ಕರೆಯಲ್ಲಿ ಅವರನ್ನು ಮೂರು ಗಂಟೆ ಕೂರಿಸಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಠೇವಣಿ ಖಾಲಿ ಮಾಡಿಸಿದ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಮಗ ಸಂಜೆ ಬಂದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಒಂದಷ್ಟು ಮೊತ್ತ ಬ್ಯಾಂಕಿನಲ್ಲೇ ತಡೆಯಲ್ಪಟ್ಟಿತು. ಬ್ಯೂರೋದ 2023ರ ವರದಿಯಲ್ಲಿ ಬೆಂಗಳೂರಿನ ಸೈಬರ್ ಪ್ರಕರಣಗಳು 17,000 ದಾಟಿ, ಮಹಾನಗರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದವು. ಆ ಕೆಂಪು ಕಂಬಗಳ ಎತ್ತರದಲ್ಲಿ ಇವುಗಳ ಪಾಲು ಸಣ್ಣದಲ್ಲ. ಅಂದರೆ ಯಾವ ಭಯ ತೋರಿಸಿ ನಮಗೆ ಗೇಟಿನ ಕಾವಲು ಮಾರಿದರೋ, ಆ ಭಯದ ಒಂದು ದೊಡ್ಡ ಭಾಗ ಗೇಟಿನ ಮೂಲಕ ಬರುವಂಥದ್ದೇ ಅಲ್ಲ.

ಹಾಗಾದರೆ ಬೀದಿ ಸುರಕ್ಷಿತವಾಯಿತೇ ಎಂದು ಕೇಳಿದರೆ, ಸಂಖ್ಯೆಯ ಮೇಲೆ ಉತ್ತರ ಕೊಡಲಾಗದು. ಹಿಂದಿನ ವರ್ಷ ಎರಡು ಘಟನೆ, ಈ ವರ್ಷ ಒಂದು. ಸಂಸ್ಥೆ ಇದನ್ನು ‘ಶೇಕಡ 50ರ ಇಳಿಕೆ’ ಎಂದು ತನ್ನ ಹೊಸ ಕರಾರಿನ ಪತ್ರದಲ್ಲಿ ಬರೆದುಕೊಂಡಿದೆ. ಎರಡು ಒಂದಾದದ್ದು ಇಳಿಕೆ ಅಲ್ಲ, ಆಕಸ್ಮಿಕವೂ ಇರಬಹುದು. ಪಕ್ಕದ ಬೀದಿಗೆ ಜಾರಿದ್ದೂ ಇರಬಹುದು. ಸರಗಳ್ಳತನದಂಥದ್ದನ್ನು ಎಣಿಸಲು ಹೊರಟರೆ ಇನ್ನೂ ಕಷ್ಟ: 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮು ಕಸಿದುಕೊಂಡು ಹೋಗುವುದನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ಮೊದಲ ಬಾರಿಗೆ ಪ್ರತ್ಯೇಕ ಅಪರಾಧವಾಗಿ ಹೆಸರಿಸಿದೆ, ಅದಕ್ಕೆ ಮುಂಚೆ ಅದೇ ಕೃತ್ಯ ಕಳವಿನ ಲೆಕ್ಕದಲ್ಲೋ ಸುಲಿಗೆಯ ಲೆಕ್ಕದಲ್ಲೋ ಸೇರುತ್ತಿತ್ತು. ನನಗೆ ಕಾಣುವ ಅಳತೆ ಬೇರೆ. ಬೆಳಿಗ್ಗೆ ಐದೂವರೆಗೆ ರಂಗೋಲಿ ಹಾಕುವಾಗ ಸರವನ್ನು ಸೆರಗಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ ಹೆಂಗಸರು ಈಗಲೂ ಸಿಕ್ಕಿಸಿಕೊಳ್ಳುತ್ತಾರೆ, ಆದರೆ ಗೇಟಿನ ಹೊರಗೆ ಬಂದು ಹಾಕುತ್ತಾರೆ. ಅಷ್ಟರ ಮಟ್ಟಿಗೆ ಅದು ಕಾವಲುಗಾರರ ಗಳಿಕೆ.

ಇಂಥ ಕರಾರಿಗೆ ಹೊರಟಿರುವ ಸಂಘಗಳಿಗೆ ಒಂದೇ ಮಾತು: ಹೊಣೆಗಾರಿಕೆಯ ಕಲಮನ್ನು ಕನ್ನಡಕ ಹಾಕಿಕೊಂಡು ಓದಿ. ನಮ್ಮದರಲ್ಲಿ, ಕಾವಲುಗಾರನ ನಿರ್ಲಕ್ಷ್ಯ ಸಾಬೀತಾದರೂ ಸಂಸ್ಥೆ ತುಂಬಿಕೊಡುವುದು ಒಂದು ತಿಂಗಳ ಶುಲ್ಕವನ್ನು ಮೀರದಷ್ಟು ಎಂದು ಹತ್ತೊಂಬತ್ತನೇ ಪುಟದಲ್ಲಿ ಅಚ್ಚಾಗಿತ್ತು. ಬೈಕ್ ಹೋದಾಗ ಅದನ್ನೂ ಕೊಡಲಿಲ್ಲ, ಏಕೆಂದರೆ ಆ ರಾತ್ರಿ ಕಾವಲುಗಾರ ರಜೆಯಲ್ಲಿದ್ದುದರಿಂದ ನಿರ್ಲಕ್ಷ್ಯದ ಪ್ರಶ್ನೆಯೇ ಏಳುವುದಿಲ್ಲವಂತೆ.

ಹೊಸ ಕರಾರಿಗೆ ನಾವು ಜನವರಿಯಲ್ಲಿ ಸಹಿ ಹಾಕಿದೆವು, ಅದೇ ಸಂಸ್ಥೆಯೊಡನೆ, ಆದರೆ ಕತ್ತರಿಸಿ. ಆ್ಯಪ್ ಇಲ್ಲ. ಕ್ಯಾಮೆರಾಗಳು ಹದಿನಾರರಿಂದ ಆರಕ್ಕೆ ಇಳಿದಿವೆ, ನಿರ್ವಹಣೆ 5,000ದಿಂದ 2,500ಕ್ಕೆ. ಅದೇ ಹಾರ್ಡ್ ಡಿಸ್ಕ್‌ನಲ್ಲಿ ಈಗ 30 ದಿನ ನಿಲ್ಲುತ್ತದೆ. ಉಳಿದ 5,900 ರೂಪಾಯಿಯಲ್ಲಿ ಪಾಳಿಗೆ 700ರಂತೆ ತಿಂಗಳಿಗೆ ಎಂಟು ಬದಲಿ ಪಾಳಿ, ಅಂದರೆ ಇಬ್ಬರಿಗೂ ವಾರಕ್ಕೊಂದು ರಜೆ. ಕೈಗೆ ಸಿಗುವ ಸಂಬಳದ ಚೀಟಿಯನ್ನು ಪ್ರತಿ ತಿಂಗಳು ಸಂಘಕ್ಕೆ ತೋರಿಸಬೇಕೆಂಬ ಷರತ್ತಿಗೆ ಸಂಸ್ಥೆ ಮುಖ ಸಿಂಡರಿಸಿ ಒಪ್ಪಿತು. ಹಿರಿಯರು ಮುಂದುವರಿದಿದ್ದಾರೆ, ಕಿರಿಯವನು ಗೋದಾಮಿನ ಕೆಲಸವನ್ನೇ ಹಿಡಿದ. ಪ್ರತಿ ತಿಂಗಳ ಒಂದನೇ ತಾರೀಖು ಗುಡಿಯ ಹಿಂದಿನ ಕೋಣೆಗೆ ಹೋಗಿ ಡಿವಿಆರ್‌ನ ಗಡಿಯಾರಕ್ಕೆ ನನ್ನ ಮೊಬೈಲ್ ಹಿಡಿದು ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಈ ತಿಂಗಳು ಎರಡು ನಿಮಿಷ ಮುಂದಿತ್ತು, ಸರಿಮಾಡಿ ಬಂದೆ.